ಕಾರ್ದೆಲೀನಾಳ ಮರಿ

ಫೆಬ್ರವರಿ 11, ಮಂಗಳವಾರ

ಕೊಟ್ಟಿಗೆಯಲ್ಲಿ ನೀರಿನ ಪೈಪು ಮತ್ತೆ ಹೆಪ್ಪುಗಟ್ಟಿತ್ತು. ಬಿಸಿನೀರು ಸುರಿದು ಬಿಡಿಸಿದ ಮೇಲೆ ಕೆಲಸ. ನಾಲ್ಕು ಮೇಕೆಗಳ ಜ್ವರ ನೋಡಿದೆ, ರಕ್ತ ತೆಗೆದೆ, ಹೊಟ್ಟೆಗೆ ಜೆಲ್ ಸವರಿ ಸ್ಕ್ಯಾನ್ ಮಾಡಿದೆ. ಮೂರು ಖಾಲಿ. ಹೋದ ವಾರ ಎರಡರಲ್ಲಿ ಎದೆಬಡಿತ ಇತ್ತು. ಈಗ ಬರೀ ಕಪ್ಪು ನೀರು. ಕಾರ್ದೆಲೀನಾಳ ಹೊಟ್ಟೆಯಲ್ಲಿ ಮಾತ್ರ ಇನ್ನೂ ಮಿಣುಕು ಮಿಣುಕು.

ಜೆಲ್ ತಣ್ಣಗಿದ್ದರೆ ಒದೆಯುತ್ತಾಳೆ. ಇವತ್ತೂ ಒದ್ದಳು. ಸರಿಯಾಗಿ ಮೊಣಕಾಲಿಗೆ.

ಡಿಸೆಂಬರಿನಲ್ಲಿ ಮೂವತ್ತು ಚಿಲ್ಲರೆ ಮೇಕೆಗಳಿಂದ ಶುರು ಮಾಡಿದ್ದು. ಈಗ ಒಂದು. ಖಾಲಿಯಾದ ಮೂರಕ್ಕೂ ನಾಳೆ ಸಾಯಿಸುವ ಸೂಜಿ. ಇಷ್ಟೊಂದು ಹಾರ್ಮೋನ್ ತಿಂದ ಮೈ — ಮಾರುವಂತಿಲ್ಲ, ಮಾಂಸಕ್ಕೂ ಆಗುವುದಿಲ್ಲ. ಸಂಶೋಧನಾ ಕೇಂದ್ರದ ನಿಯಮ ನೇರ: ಪ್ರಯೋಗದ ಸುತ್ತು ಮುಗಿದಾಗ ಮರಿಗೆ ಹಾಲೂಡುತ್ತಿರುವವಳನ್ನು ಮುಟ್ಟುವಂತಿಲ್ಲ, ಹಿಂದಿನ ಹುಲ್ಲುಗಾವಲಿಗೆ ಬಿಡಬೇಕು. ಉಳಿದವರಿಗೆ ಸೂಜಿ. ನಿಯಮ ಮಾಡಿದವರು ಸರಗೋಸಾ ನಗರದಲ್ಲಿದ್ದಾರೆ. ಸೂಜಿ ನನ್ನ ಕೈಯಲ್ಲಿದೆ.

ಹುಲ್ಲುಗಾವಲಿಗೆ ಈವರೆಗೆ ಒಬ್ಬಳೂ ಹೋಗಿಲ್ಲ. ಹುಲ್ಲು ಸೊಂಟದೆತ್ತರ ಬೆಳೆದಿದೆ.

ಫೆಬ್ರವರಿ 12

ಮೂರೂ ಮುಗಿಯಿತು. ಉರ್ಬೆಸ್ ಮೇಕೆಗಳ ಕೊರಳು ಹಿಡಿದುಕೊಂಡ. ಕೊಟ್ಟಿಗೆ ನೋಡಿಕೊಳ್ಳುವವನು, ನನಗಿಂತ ಹತ್ತು ವರ್ಷ ದೊಡ್ಡವನು, ಅಪ್ಪ-ಅಜ್ಜನ ಕಾಲದಿಂದ ಕುರಿ ಮೇಕೆಯವರು. ಎಲ್ಲಕ್ಕೂ ಹೆಸರಿಡುತ್ತಾನೆ. ಹಕ್ಕಿಗಳ ಹೆಸರೇ ಹೆಚ್ಚು. ಇಡಬೇಡ ಎಂದು ಎಷ್ಟು ಸಲ ಹೇಳಿದ್ದೇನೆ.

"ಹೆಸರಿಡದೇ ಇದ್ರೆ ಕೊಲ್ಲೋದು ಸಲೀಸಾ ಓರೋಸಿಯಾ?"

"ಸ್ವಲ್ಪ."

"ನಿನಗೆ ಸಲೀಸಾಗ್ಲಿ ಅಂತ ನಾನ್ಯಾಕೆ ಬಾಯಿ ಮುಚ್ಕೊಂಡಿರ್ಲಿ?"

ಕೈ ತೊಳೆದು ಬಂದೆ. ಊಟ ಸೇರಲಿಲ್ಲ.

ಫೆಬ್ರವರಿ 20, ಗುರುವಾರ

ಕಾಫಿಗೆಂದು ಫೆರ್ಮೀನಾಳ ಬಾರ್‌ಗೆ ಹೋದೆ. ತಪ್ಪಾಯಿತು. ಇಡೀ ಊರಿಗೆ ನಾನೊಂದು ಸರ್ಕಸ್ಸು.

"ಬಂದ್ಲು ನೋಡಿ ಸತ್ತೋರನ್ನ ಎಬ್ಬಿಸೋಳು! ನಮ್ಮತ್ತೇನ ಮಾತ್ರ ಎಬ್ಬಿಸ್ಬೇಡ ಕಣೇ, ಕಾಲಿಗೆ ಬೀಳ್ತೀನಿ."

ನಗದೆ ಇರಲಾಗಲಿಲ್ಲ. ಆಮೇಲೆ ನಿಜವಾಗಿಯೂ ಕೇಳಿದಳು, ಅದು ಹೇಗೆ ಮಾಡುತ್ತೀರಿ ಎಂದು. ಹೇಳಿದೆ. ಬುಕಾರ್ದೊ ಎಂಬ ಇಲ್ಲಿಯ ಕಾಡುಮೇಕೆಯ ಕೊನೆಯ ಹೆಣ್ಣಿನ ಕಿವಿಯಿಂದ, ಅವಳು ಬದುಕಿದ್ದಾಗಲೇ, ಚೂರು ಚರ್ಮ ತೆಗೆದು ಆಳದ ಚಳಿಯಲ್ಲಿಟ್ಟಿದ್ದಾರೆ. ಮರುವರ್ಷವೇ ಮರ ಬಿದ್ದು ಸತ್ತಳು. ಅಲ್ಲಿಗೆ ಈ ಬೆಟ್ಟದಲ್ಲಿ ಆ ಜಾತಿ ಮುಗಿಯಿತು. ಈಗ ಊರಮೇಕೆಯ ಮೊಟ್ಟೆಯ ತಿರುಳು ತೆಗೆದು, ಆ ಚರ್ಮದ ಒಂದು ಜೀವಕೋಶ ಅದರೊಳಗೆ ಕೂರಿಸಿ, ಚೂರು ಕರೆಂಟ್ ಮುಟ್ಟಿಸಿದರೆ ಕೆಲವು ಬೆಳೆಯುತ್ತವೆ. ಅವನ್ನು ಬೇರೆ ಮೇಕೆಗಳ ಗರ್ಭದಲ್ಲಿಡುವುದು.

"ಆಮೇಲೆ?"

"ಆಮೇಲೆ ಬಹಳಷ್ಟು ಸಾಯ್ತವೆ."

"ಸಾಯ್ದೇ ಒಂದು ಹುಟ್ಟಿತು ಅನ್ಕೋ. ಅದೂ ಹೆಣ್ಣೇ ತಾನೆ? ಗಂಡೆಲ್ಲಿಂದ ತರ್ತೀರಾ?"

ಗಂಡಿಲ್ಲ. ಗಂಡಿನ ಒಂದು ಕೂದಲ ಬೇರನ್ನೂ ಯಾರೂ ಕಾಪಿಟ್ಟಿರಲಿಲ್ಲ. ಸಭೆಗಳಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಫೆರ್ಮೀನಾ ಲೋಟ ಒರೆಸುತ್ತಾ ಕೇಳಿಬಿಟ್ಟಳು.

"ಅದನ್ನ ಮುಂದೆ ನೋಡ್ತಾರಂತೆ" ಎಂದೆ.

"ವರನೇ ಇಲ್ದೆ ಚಪ್ಪರ ಹಾಕ್ತಿದೀರಿ ಅನ್ನು. ಇರ್ಲಿ ಬಿಡು, ಕಾಫಿಗೆ ದುಡ್ಡು ಬೇಡ."

ಮಾರ್ಚ್ 14, ಶುಕ್ರವಾರ

ಇಸಾರ್ಬೆ ಬಂದಿದ್ದಳು. ಭ್ರೂಣಗಳನ್ನು ಮಾಡಿದ್ದೆಲ್ಲ ಅವಳೇ. ಆರು ವರ್ಷ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದವಳು. ಮದುವೆ ಮುಂದಕ್ಕೆ, ಮುಂದಕ್ಕೆ... ಈಗ ಆ ಹುಡುಗನೇ ಮುಂದಕ್ಕೆ ಹೋಗಿಬಿಟ್ಟಿದ್ದಾನೆ. ಸ್ಕ್ಯಾನಿನಲ್ಲಿ ಬೆನ್ನುಮೂಳೆ ಕಂಡಿತು, ಗೊರಸು ಕಂಡಿತು. ಮರಿ ಹೊರಳಿತು. ಇಸಾರ್ಬೆ ನನ್ನ ತೋಳು ಹಿಡಿದಳು, ಬಿಡಲೇ ಇಲ್ಲ.

"ಶ್ವಾಸಕೋಶ ಕಾಣ್ಸುತ್ತಾ?"

"ಈಗಲೇ ಹೇಳೋಕಾಗಲ್ಲ."

ಅವಳಿಗೆ ಅದೇ ಭಯ. ಹತ್ತು ವರ್ಷದ ಹಿಂದೆ ಬೇರೆಯವರ ಕೈಯಲ್ಲಿ ಒಂದು ಹುಟ್ಟಿತ್ತು. ಕೆಲವು ನಿಮಿಷ ಏದುಸಿರು, ಅಷ್ಟೇ. ಶ್ವಾಸಕೋಶ ನೆಟ್ಟಗೆ ರೂಪುಗೊಂಡಿರಲಿಲ್ಲ. ಹಳೆಯ ಚರ್ಮದ ಜೀವಕೋಶಕ್ಕೆ ಮತ್ತೆ ಮೊದಲಿನಿಂದ ಶುರು ಮಾಡು ಎಂದರೆ ಎಲ್ಲೋ ಒಂದು ಹೆಜ್ಜೆ ಮರೆಯುತ್ತದೆ. ಯಾವ ಹೆಜ್ಜೆ ಎನ್ನುವುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಹೊರಡುವಾಗ ಉರ್ಬೆಸ್ ಅವಳ ಕೈಗೆ ಚೀಸಿನ ಗಡ್ಡೆ ಕೊಟ್ಟ. "ತಿನ್ನಮ್ಮ. ನೀನೂ ಹೀಗೇ ಕರಗ್ತಾ ಹೋದ್ರೆ ನಿನ್ನ ಕಿವೀನೂ ಕತ್ತರಿಸಿ ಫ್ರೀಜರಲ್ಲಿಡ್ಬೇಕಾಗುತ್ತೆ."

ಏಪ್ರಿಲ್ 23

ಸಾನ್ ಹೋರ್ಹೆ ಹಬ್ಬ. ರಜೆ. ಮೇಕೆಗೆ ರಜೆಯಿಲ್ಲ.

ತಿಂಗಳಿಗೂ ಮೇಲಾಯಿತು ಬರೆಯದೆ. ಬರೆಯುವಂಥದ್ದೇನೂ ಆಗಲಿಲ್ಲ, ಅದೇ ಒಳ್ಳೆಯ ಸುದ್ದಿ. ಕಾರ್ದೆಲೀನಾಳ ಹೊಟ್ಟೆ ಪಕ್ಕಕ್ಕೆ ಜೋತಿದೆ. ಕೆಚ್ಚಲು ಬಿಗಿಯುತ್ತಿದೆ. ಹೋದ ಎರಡು ಸಲವೂ ಇಲ್ಲಿಯವರೆಗೆ ಬಂದು ಜಾರಿತ್ತು. ಎರಡು ಸಲವೂ ದಿನಗಟ್ಟಲೆ ಕೂಗಿದಳು, ಹುಲ್ಲಿನ ರಾಶಿ ಮೂಸಿ ಮೂಸಿ ಹುಡುಕಿದಳು. ಆಗ "ಇನ್ನೊಂದು ಸುತ್ತಿಗೆ ಆದೀತು" ಎಂದು ವರದಿಯಲ್ಲಿ ಬರೆದು ಉಳಿಸಿಕೊಂಡಿದ್ದೆ. ಈ ಸಲ ಹಾಗೆ ಬರೆಯಲಾಗುವುದಿಲ್ಲ. ವಯಸ್ಸು ಮೀರಿತು.

ಡಾಕ್ಟರ್ ಕ್ಲಿಮೆಂತ್ ಫೋನ್. ನಮ್ಮ ಯೋಜನೆಯ ನಿರ್ದೇಶಕರು. ಮರಿಗೆ ಹೆಸರು ಯೋಚಿಸಬೇಕಂತೆ, ಪತ್ರಿಕೆಯವರಿಗೆ ಸುಲಭವಾಗಿ ಹೇಳಲು ಬರುವಂಥದ್ದು. ಮೇ ಆರನೇ ತಾರೀಕು ಬೆಳಿಗ್ಗೆ ಸಿಸೇರಿಯನ್.

"ನಿಮಗೇನನ್ನಿಸುತ್ತೆ, ಬದುಕುತ್ತಾ?"

"ತಾಯಿ ಚೆನ್ನಾಗಿದಾಳೆ."

"ನಾನು ಮರಿ ಬಗ್ಗೆ ಕೇಳಿದ್ದು."

ಗೊತ್ತು. ನಾನು ತಾಯಿಯ ಬಗ್ಗೆ ಹೇಳಿದ್ದು.

ಮೇ 3, ಶನಿವಾರ

ಉರ್ಬೆಸ್‌ನ ಮನೆಯ ಮೇಕೆಯೊಂದು ಹೊಟ್ಟೆಯುಬ್ಬರಿಸಿ ಸತ್ತಿತು. ನಾನು ತಲುಪುವಷ್ಟರಲ್ಲಿ ಮುಗಿದಿತ್ತು. ಎರಡು ದಿನದ ಮರಿ ಇದೆ. ಹೆಣ್ಣು, ಕಂದು ಬಣ್ಣ, ಹಣೆಯಲ್ಲಿ ಬಿಳಿ. ಒಲೆಯ ಪಕ್ಕ ಸೇಬಿನ ಡಬ್ಬದಲ್ಲಿಟ್ಟಿದ್ದಾನೆ. ಬಾಟಲಿಯ ನಿಪ್ಪಲನ್ನು ನಾಲಿಗೆಯಲ್ಲಿ ನೂಕುತ್ತದೆ. ಉಳಿದ ಮೇಕೆಗಳ ಹತ್ತಿರ ಬಿಟ್ಟರೆ ಕೊಂಬು ಹಾಕುತ್ತವೆ.

"ಒಂದು ವಾರ ತಡೆಯಲ್ಲ ಇದು" ಎಂದ. ಬೆರಳಿಗೆ ಹಾಲು ಹಚ್ಚಿ ನೆಕ್ಕಿಸುತ್ತಾ ಕೂತಿದ್ದ. ನನಗೆ ಮೀಗಾಸ್ ಬಿಸಿ ಮಾಡಿ ಕೊಟ್ಟ. ಒಣಬ್ರೆಡ್ಡಿನ ಚೂರನ್ನು ಬೆಳ್ಳುಳ್ಳಿ, ಕೊಬ್ಬು ಹಾಕಿ ಅವನಷ್ಟು ಚೆನ್ನಾಗಿ ಹುರಿಯುವವರಿಲ್ಲ. ಬಹಳ ದಿನದ ಮೇಲೆ ಹೊಟ್ಟೆ ತುಂಬ ತಿಂದೆ.

ಮೇ 6, ಮಂಗಳವಾರ, ಮಧ್ಯಾಹ್ನ

ಹುಟ್ಟಿತು. ಹೋಯಿತು.

ಬರೆದುಬಿಡುತ್ತೇನೆ, ಆಮೇಲೆ ಆಗುವುದಿಲ್ಲ. ಸೊಂಟದ ಕೆಳಗೆ ಮರಗಟ್ಟಿಸಿ ಕೊಯ್ದೆ. ಕಾರ್ದೆಲೀನಾ ಎಚ್ಚರವಾಗಿಯೇ ಇದ್ದಳು, ತಲೆ ಉರ್ಬೆಸ್‌ನ ತೊಡೆಯ ಮೇಲೆ. ಮರಿ ತೆಗೆದಾಗ ಬೆಚ್ಚಗಿತ್ತು, ಭಾರವಿತ್ತು. ಕಣ್ಣು ತೆರೆದಿತ್ತು. ಅಂಥ ಮೈಬಣ್ಣ ನಾನು ಮ್ಯೂಸಿಯಂನ ಗಾಜಿನ ಹಿಂದೆ ಮಾತ್ರ ನೋಡಿದ್ದೆ. ಇಸಾರ್ಬೆ ಟವೆಲ್ ಹಿಡಿದು ಕಾಯುತ್ತಿದ್ದಳು.

ಉಸಿರು ಎಳೆದುಕೊಂಡಿತು, ನಾಲಿಗೆ ಹೊರಚಾಚಿ. ಮತ್ತೆ ಎಳೆದುಕೊಂಡಿತು. ಒಳಗೆ ಹೋಗುತ್ತಿಲ್ಲ ಎಂದು ಎರಡನೆಯದಕ್ಕೇ ಗೊತ್ತಾಯಿತು. ಆಮ್ಲಜನಕ ಕೊಟ್ಟೆ, ಎದೆ ಉಜ್ಜಿದೆ, ಕೊಳವೆ ಹಾಕಿದೆ. ಕ್ಲಿಮೆಂತ್ ಹಿಂದೆ ನಿಂತು "ಇನ್ನೊಮ್ಮೆ, ಇನ್ನೊಮ್ಮೆ" ಅನ್ನುತ್ತಿದ್ದರು. ಕೊನೆಗೆ ನಾನೇ ಸಾಕು ಎಂದೆ. ಸಾಯುವ ಮುಂಚೆ ತಾಯಿಯ ಮೂಗಿನ ಹತ್ತಿರ ಹಿಡಿದೆ. ಯಾರೂ ಹಿಡಿ ಎಂದಿರಲಿಲ್ಲ. ಅವಳು ಮುಖ ನೆಕ್ಕಿದಳು, ಕಿವಿ ನೆಕ್ಕಿದಳು. ನೆಕ್ಕುತ್ತಿರುವಾಗಲೇ ನಿಂತುಹೋಯಿತು.

ತಾಯಿಗೆ ಹೊಲಿಗೆ ಹಾಕಿ, ಮರಿಯ ಎದೆ ತೆರೆದೆ. ಎಡ ಶ್ವಾಸಕೋಶಕ್ಕೆ ಅಂಟಿಕೊಂಡು ಇನ್ನೊಂದು ಗಟ್ಟಿ ಮುದ್ದೆ, ಪಿತ್ತಜನಕಾಂಗದ ಹಾಗೆ. ಗಾಳಿಗೆ ಜಾಗವೇ ಇರಲಿಲ್ಲ. ಹಿಂದಿನದರದ್ದೂ ಹೀಗೇ ಇತ್ತಂತೆ. ಹತ್ತು ವರ್ಷದಲ್ಲಿ ನಾವು ಬಂದದ್ದು ಇಷ್ಟು ದೂರ.

ಶ್ವಾಸಕೋಶ, ಹೃದಯ, ಮಾದರಿಗಳು ಐಸ್ ಪೆಟ್ಟಿಗೆಯಲ್ಲಿ ಸರಗೋಸಾಕ್ಕೆ ಹೋದವು. ಕ್ಲಿಮೆಂತ್, ಇಸಾರ್ಬೆ ಅದೇ ಕಾರಿನಲ್ಲಿ. ಮೈ ತಣ್ಣನೆ ಕೋಣೆಯಲ್ಲಿದೆ. ನಾಳೆ ಇಸಾರ್ಬೆ ಬಂದು ಒಯ್ಯುತ್ತಾಳೆ, ಮ್ಯೂಸಿಯಂಗೆ. ಕ್ಲಿಮೆಂತ್ ಹೊರಡುವಾಗ, "ಆ ಮೇಕೆದೂ ಈ ವಾರದೊಳಗೆ ಮುಗಿಸಿಬಿಡಿ" ಎಂದರು. ಕೆಟ್ಟ ಮನುಷ್ಯನಲ್ಲ. ಕಣ್ಣು ಕೆಂಪಾಗಿತ್ತು.

ಕಾರ್ದೆಲೀನಾ ಕೂಗಲು ಶುರು ಮಾಡಿದ್ದಾಳೆ.

ಅದೇ ದಿನ, ಸಂಜೆ

ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ. ಎಚ್ಚರವಾದದ್ದು ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ. ಕೂಗು ನಿಂತಿತ್ತು. ಹೊಲಿಗೆ ಬಿಚ್ಚಿ ಸತ್ತಳೇನೋ ಎಂದು ಓಡಿದೆ.

ಅವಳು ನಿಂತಿದ್ದಳು. ಕೆಳಗೆ ಒಂದು ಮರಿ. ಮಂಡಿಯೂರಿ, ಬಾಲ ಪಟಪಟ ಬಡಿಯುತ್ತಾ ಹಾಲು ಕುಡಿಯುತ್ತಿತ್ತು. ಬುಕಾರ್ದೊದ ಬಣ್ಣ.

ಒಂದು ಕ್ಷಣ... ಏನಂದುಕೊಂಡೆ ಎಂದು ಬರೆಯುವುದಿಲ್ಲ.

ಆಮೇಲೆ ಹಣೆಯ ಬಿಳಿ ಕಂಡಿತು. ಉರ್ಬೆಸ್‌ನ ಅನಾಥ ಮರಿ. ಸತ್ತದ್ದರ ಚರ್ಮವನ್ನು ಅಂಗಿಯ ಹಾಗೆ ತೊಡಿಸಿದ್ದಾನೆ. ನಾಲ್ಕು ಕಾಲಿಗೆ ನಾಲ್ಕು ತೂತು, ಹೊಟ್ಟೆಯಡಿ ದಾರದ ಗಂಟು. ನನ್ನ ಅಪ್ಪನೂ ಮಾಡುತ್ತಿದ್ದ. ಈ ಕಣಿವೆಗಳಲ್ಲಿ ಮಾಡದವರು ಯಾರು? ಮರಿ ಸತ್ತ ತಾಯಿ, ತಾಯಿ ಸತ್ತ ಮರಿ — ಚರ್ಮ ಬಿಡಿಸಿ ತೊಡಿಸು. ತಾಯಿ ತನ್ನದೇ ವಾಸನೆ ಎಂದು ಬಿಟ್ಟುಕೊಳ್ಳುತ್ತಾಳೆ. ಎರಡು-ಮೂರು ದಿನದಲ್ಲಿ ಅವಳ ಹಾಲೇ ಮರಿಯ ಮೈಯಲ್ಲಿ ನಾರುತ್ತದೆ. ಆಗ ಚರ್ಮ ತೆಗೆದು ಬಿಸಾಡುವುದು.

"ಉರ್ಬೆಸ್, ಏನು ಮಾಡ್ದೆ ನೀನು?"

ಚಾಕು ಒರೆಸುತ್ತಿದ್ದ. ನನ್ನ ಮುಖ ನೋಡಿದ. ಮೊದಲು ಅರ್ಥವೇ ಆಗಲಿಲ್ಲ ಅವನಿಗೆ. "ಇವಳು ಕೂಗ್ತಿದ್ಲು. ಮರಿ ಮನೇಲಿ ಸಾಯ್ತಿತ್ತು. ಇನ್ನೇನು ಮಾಡ್ಬೇಕಿತ್ತು?"

"ಅದು ಮ್ಯೂಸಿಯಂಗೆ ಹೋಗ್ಬೇಕಿತ್ತಲ್ಲೋ ಮಹರಾಯ!"

ಆಗ ಕೂತುಬಿಟ್ಟ, ಹುಲ್ಲಿನ ಮೇಲೆ. ಮೇಕೆ ಕೂಗಿತು, ಕೈ ತಾನಾಗಿ ಹೋಯಿತು, ಅದು ಯಾವುದರ ಚರ್ಮ ಅನ್ನುವುದೇ ಮರೆತಿತ್ತಂತೆ. ನಂಬುತ್ತೇನೆ. ನಾನು ಎಚ್ಚರವಿದ್ದಿದ್ದರೆ ನನ್ನ ಕೈಯೂ ಅಲ್ಲಿಗೇ ಹೋಗುತ್ತಿತ್ತೇನೋ.

"ಬಿಚ್ಚಿ ಕೊಟ್ಬಿಡ್ಲಾ?"

ಈಗ ಬಿಚ್ಚಿದರೆ ಇವಳು ಮರಿಯನ್ನು ಗುಮ್ಮುತ್ತಾಳೆ. ಮರಿ ಸಾಯುತ್ತದೆ. ಈ ವಾರದೊಳಗೆ ಇವಳಿಗೆ ಸೂಜಿ.

"ಬೇಡ, ಇರ್ಲಿ" ಎಂದೆ.

ಮೇ 7, ಬುಧವಾರ

ಇಸಾರ್ಬೆ ಪೆಟ್ಟಿಗೆ ಹಿಡಿದು ಬಂದಳು. ಮೊದಲೇ ಹೇಳೋಣ ಎಂದು ಬಾಗಿಲಿಗೆ ಹೋದವಳು ನೇರ ಒಳಗೆ ಕರೆದುಕೊಂಡು ಬಂದೆ.

ಬಹಳ ಹೊತ್ತು ನೋಡಿದಳು. ಪೆಟ್ಟಿಗೆ ಕೆಳಗಿಟ್ಟಳು.

"ಯಾರು ಮಾಡಿದ್ದು ಇದನ್ನ?"

"ನಾನಮ್ಮ" ಎಂದ ಉರ್ಬೆಸ್. ಟೋಪಿ ಕೈಯಲ್ಲಿತ್ತು.

"ಇಡೀ ಪ್ರಪಂಚದಲ್ಲಿ ಇರೋದು ಅದೊಂದು! ಗೊತ್ತಾ ನಿಮಗೆ? ಆರು ವರ್ಷ ನಾನು... ಅದೊಂದೇ ಇರೋದು!"

"ಗೊತ್ತು. ಇವಳಿಗೂ ಅದೊಂದೇ ಇದ್ದಿದ್ದು."

ಕೂಗಾಡಿದಳು. ನಮ್ಮಿಬ್ಬರನ್ನೂ ಕಾಡುಜನ ಎಂದಳು. ನಾಳೆ ಎಲ್ಲ ಪತ್ರಿಕೆಯಲ್ಲೂ ಬರುತ್ತೆ, ಕುರಿ ಕಾಯುವವರ ಕೈಗೆ ಕೊಟ್ಟರೆ ಹೀಗೇ ಆಗೋದು ಎಂದು ಕ್ಲಿಮೆಂತ್ ಹೇಳ್ತಾರೆ ಎಂದಳು. ನಾವು ಬೈಸಿಕೊಂಡೆವು. ಬೈಯುವ ಹಕ್ಕು ಅವಳಿಗಿತ್ತು. ಬೈದು ಬೈದು ಸುಸ್ತಾಗಿ ಹುಲ್ಲಿನ ಕಟ್ಟಿನ ಮೇಲೆ ಕೂತು ಅತ್ತಳು. ನಿನ್ನೆ ಅತ್ತಿರಲಿಲ್ಲ. ನನಗೂ ಕಣ್ಣು ತುಂಬಿತು. ಅವಳಿಗಾಗಿಯೋ, ಮೇಕೆಗಾಗಿಯೋ, ಗೊತ್ತಿಲ್ಲ. ದಣಿವಿಗೂ ಇರಬಹುದು.

ನಿಯಮದ ವಿಷಯ ಹೇಳಿದೆ. ಮರಿ ಉಳಿದರೆ ಇವಳಿಗೆ ಸೂಜಿಯಿಲ್ಲ. ಇಸಾರ್ಬೆಗೆ ಸೂಜಿಯ ಸಂಗತಿಯೇ ಗೊತ್ತಿರಲಿಲ್ಲ! ಆರು ವರ್ಷ! ಖಾಲಿಯಾದ ಮೇಕೆಗಳು ಎಲ್ಲೋ ಮೇಯುತ್ತಿವೆ ಅಂದುಕೊಂಡಿದ್ದಳು.

"ಎಲ್ಲಾನೂ?"

"ಎಲ್ಲಾನೂ."

ಕಣ್ಣೊರೆಸಿಕೊಂಡು ಎದ್ದಳು. ಆಮೇಲೆ, "ಮುಟ್ಟಬಹುದಾ?"

ಉರ್ಬೆಸ್ ಮರಿಯನ್ನು ಹಿಡಿದ. ಅವಳು ಬೆನ್ನ ಮೇಲೆ ಕೈಯಿಟ್ಟಳು. ಕೂದಲಿನಲ್ಲಿ ಬೆರಳಾಡಿಸಿದಳು. ಮರಿ ಉಸಿರಾಡಿದಂತೆ ಚರ್ಮ ಏಳುತ್ತಿತ್ತು, ಇಳಿಯುತ್ತಿತ್ತು.

"ಬೆಚ್ಚಗಿದೆ" ಎಂದಳು.

ಅಲ್ಲಿಂದಲೇ ಕ್ಲಿಮೆಂತರಿಗೆ ಫೋನ್ ಮಾಡಿದಳು. ಸಾಗಿಸುವ ಹದದಲ್ಲಿಲ್ಲ, ನಾಳೆ ಸಂಜೆ ತರುತ್ತೇನೆ, ಕೊಯ್ಯುವಾಗ ಚರ್ಮ ಬೇರೆಯಾಯಿತು. ಸುಳ್ಳು ಹೇಳಲು ಬರುವುದಿಲ್ಲ ಅವಳಿಗೆ, ಕುತ್ತಿಗೆಯವರೆಗೂ ಕೆಂಪಾಗಿದ್ದಳು. ಊಟಕ್ಕೆ ನಮ್ಮ ಜೊತೆ ಕೂತಳು. ಉರ್ಬೆಸ್ ಅವಳ ತಟ್ಟೆಗೇ ಹೆಚ್ಚು ಬಡಿಸಿದ.

ಮೇ 8, ಗುರುವಾರ

ಚರ್ಮ ನಾರಲು ಶುರುವಾಗಿದೆ. ಇಸಾರ್ಬೆ ಬಂದು ಕಾಯುತ್ತಿದ್ದಾಳೆ. ಇನ್ನೊಂದು ದಿನ ಇದ್ದಿದ್ದರೆ ಒಳ್ಳೆಯದಿತ್ತು. ಇಲ್ಲ.

ದಾರ ಕತ್ತರಿಸಿದೆ. ಉರ್ಬೆಸ್ ಒಂದೊಂದೇ ಕಾಲು ಬಿಡಿಸಿದ. ಮರಿ ಮೈ ಕೊಡವಿಕೊಂಡು ನಿಂತಿತು. ಸಾಧಾರಣ ಕಂದು ಊರಮೇಕೆ ಮರಿ.

ಕಾರ್ದೆಲೀನಾ ಮೂಸಿದಳು. ಹಿಂದೆ ಸರಿದಳು. ಮರಿ ಕೆಚ್ಚಲಿಗೆ ಹೋಯಿತು, ತಲೆಯಲ್ಲಿ ನೂಕಿದಳು. ಮತ್ತೆ ಹೋಯಿತು. ಒದ್ದಳು, ಮರಿ ಗೋಡೆಗೆ ಬಿತ್ತು. ಇಸಾರ್ಬೆ "ಮತ್ತೆ ತೊಡಿಸಿ, ಮತ್ತೆ ತೊಡಿಸಿಬಿಡಿ" ಎಂದಳು. ಅವಳೇ! ಉರ್ಬೆಸ್ ಆಗುವುದಿಲ್ಲ ಎಂದು ತಲೆಯಾಡಿಸಿದ. ಕಾರ್ದೆಲೀನಾಳ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರಿದ. ಬಾಗಿಲು ಹಾಕಿ ಎಲ್ಲರನ್ನೂ ಹೊರಗೆ ಕಳಿಸಿದ.

"ನಾವು ನೋಡ್ತಾ ನಿಂತ್ರೆ ಅವಳು ಮರೀನ ಬಿಟ್ಕೊಳ್ಳಲ್ಲ" ಎಂದ.

ಇಸಾರ್ಬೆ ಚರ್ಮವನ್ನು ಉಪ್ಪು ಹಾಕಿ, ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದಳು. ಕಾಲಿನ ತೂತುಗಳನ್ನು ಏನೆಂದು ಹೇಳುತ್ತಾಳೋ. ನೋಡಿಕೊಳ್ತೀನಿ ಬಿಡಿ ಎಂದಳು.

ಸಿರಿಂಜ್ ಬೀರುವಿನಲ್ಲಿದೆ. ಔಷಧಿಯೂ ಇದೆ. ಬೀರು ತೆಗೆದು ನೋಡಿದೆ, ಮುಚ್ಚಿದೆ.

ಮೇ 9, ಶುಕ್ರವಾರ

ಕೊಟ್ಟಿಗೆಗೆ ಹೋಗಲು ಧೈರ್ಯವಾಗದೆ ಮೊದಲು ಪೈಪು ತೊಳೆದೆ, ಬಕೆಟ್ ತೊಳೆದೆ. ಉರ್ಬೆಸ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಬಾರೇ ಡಾಕ್ಟರಮ್ಮ. ತೊಳೆದದ್ದು ಸಾಕು."

ಮರಿ ಕುಡಿಯುತ್ತಿದೆ. ಕಾರ್ದೆಲೀನಾ ಮೆಲುಕು ಹಾಕುತ್ತಾ ಅದರ ಬಾಲದ ಬುಡ ಮೂಸುತ್ತಿದ್ದಾಳೆ. ನಾನು ಹತ್ತಿರ ಹೋದದ್ದಕ್ಕೆ ಕೊಂಬು ತಗ್ಗಿಸಿ ನಿಂತಳು. ನನಗೆ! ಐದು ವರ್ಷ ಸಾಕಿದ ನನಗೆ! ಇಷ್ಟು ಖುಷಿ ಯಾವಾಗ ಆಗಿತ್ತೋ ನೆನಪಿಲ್ಲ.

ಹತ್ತು ಗಂಟೆಗೆ ಕ್ಲಿಮೆಂತ್ ಫೋನ್.

"ಆ ಮೇಕೆದು ಆಯ್ತಾ?"

"ಇಲ್ಲ. ಹಾಲೂಡ್ತಿದಾಳೆ."

"ಯಾರಿಗೆ?"

"ಮರಿಗೆ."

"ಯಾವ ಮರಿ? ಮರಿ ಸತ್ತಿದೆಯಲ್ಲ ಓರೋಸಿಯಾ."

"ಅವಳದೇ ಮರಿ" ಎಂದೆ. "ಬಂದು ನೋಡಿ ಬೇಕಾದ್ರೆ. ಹತ್ತಿರ ಹೋದ್ರೆ ಗುಮ್ತಾಳೆ."

ಇಸಾರ್ಬೆ ಎಷ್ಟು ಹೇಳಿದ್ದಾಳೋ, ಅವರಿಗೆ ಎಷ್ಟು ಗೊತ್ತೋ. ಹಾಗಾದರೆ ವರದಿಯಲ್ಲಿ ಹಾಗೇ ಬರೆಯಿರಿ ಎಂದರು. ದನಿ ಸೋತಿತ್ತು. ಅಕ್ಟೋಬರಿಗೆ ಹೊಸ ಮೇಕೆಗಳು ಬರುತ್ತವಂತೆ, ಮೂವತ್ತೋ ನಲವತ್ತೋ, ಶ್ವಾಸಕೋಶದ್ದು ಏನಾದರೂ ದಾರಿ ಹುಡುಕೋಣ ಎಂದರು.

ಹುಡುಕಿ ಎಂದೆ. ಸೂಜಿಗೆ ಬೇರೆ ಯಾರನ್ನಾದರೂ ಹುಡುಕಿ, ನಾನಿರುವುದಿಲ್ಲ ಎಂದೂ ಹೇಳಿದೆ. ಇಷ್ಟು ಸುಲಭವಾಗಿ ಹೇಳಲು ಬರುತ್ತದೆಂದು ಗೊತ್ತಿರಲಿಲ್ಲ. ಅದಕ್ಕೆ ಅವರು —

ಉರ್ಬೆಸ್ ಕಿಟಕಿ ಬಡಿಯುತ್ತಿದ್ದಾನೆ. ಹಿಂದಿನ ಗೇಟು ತೆಗೆಯಬೇಕಂತೆ. ಕಾರ್ದೆಲೀನಾ ಗೇಟಿಗೆ ಮೂಗು ಹಚ್ಚಿ ನಿಂತಿದ್ದಾಳೆ, ಮರಿ ಅವಳ ಕಾಲ ಸಂದಿಯಲ್ಲಿ. ಗೇಟು ಒಮ್ಮೆಯೂ ತೆರೆದದ್ದಿಲ್ಲ, ತುಕ್ಕು ಹಿಡಿದಿರುತ್ತದೆ. ಎಣ್ಣೆ ತೆಗೆದುಕೊಂಡು ಹೋಗುತ್ತೇನೆ.